ಖಾತೆಯ ಯಜಮಾನರ ಹೆಸರು

ನಮ್ಮ ತಾತ ಕುಣಿಗಲ್ ಸೀಮೆಯಲ್ಲಿ ಪಟೇಲರಾಗಿದ್ದವರು. ಅವರ ಜಗಲಿಯ ಮೇಲೆ ಕೂತು ಆದ ಮಾತನ್ನು ಯಾರೂ ಕಾಗದದಲ್ಲಿ ಬರೆಸಿಕೊಳ್ಳುತ್ತಿರಲಿಲ್ಲ, ಅಗತ್ಯವಿರಲಿಲ್ಲ. ನಮ್ಮ ತಂದೆ ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟರು. ತಾವು ಪಾಠ ಹೇಳಿದ ಮಕ್ಕಳ ಹೆಸರನ್ನೂ ಅವರ ಅಪ್ಪಂದಿರ ಹೆಸರನ್ನೂ ಮುಪ್ಪಿನಲ್ಲಿಯೂ ತಪ್ಪಿಲ್ಲದೆ ಹೇಳುತ್ತಿದ್ದರು. ನಾನು ಸೊಸೆಯಾಗಿ ಹೋದದ್ದು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರದಲ್ಲಿ ಹೆಸರು ಮಾಡಿದ ಮನೆಗೆ. ಮಠದ ದಾಸೋಹಕ್ಕೆ ತೆಂಗಿನಕಾಯಿ ಕಳಿಸುವುದನ್ನು ಆ ಮನೆಯವರು ಒಂದು ವರ್ಷವೂ ಮರೆತದ್ದಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಪದ್ಯ ಮರೆತವರು ಊಟದ ಬಿಡುವಿನಲ್ಲಿ ನಿಂತೇ ಇರಬೇಕಾಗಿತ್ತು. ನಾನು ಎಂದೂ ನಿಂತವಳಲ್ಲ.

ಇಷ್ಟನ್ನು ಏಕೆ ಹೇಳಿದೆನೆಂದರೆ, ನಮ್ಮ ಎರಡೂ ಮನೆತನಗಳಲ್ಲಿ ಯಾರನ್ನೂ ಯಾರೂ ಮರೆಗುಳಿ ಎಂದು ಕರೆದಿರಲಿಲ್ಲ. ನನ್ನನ್ನು ಕರೆದರು. ಅದೂ ಹತ್ತು ಜನರ ಮುಂದೆ.

ನಾನು ತುಮಕೂರಿನ ಒಂದು ಖಾಸಗಿ ಆಸ್ಪತ್ರೆಯ ಮೇಟ್ರನ್. ಗುಬ್ಬಿಯಲ್ಲಿ ಒಂದು, ಕುಣಿಗಲ್ಲಿನಲ್ಲಿ ಒಂದು ಶಾಖೆಯಿದೆ. ಮೂರೂ ಕಡೆ ಯಾವ ನರ್ಸ್ ಯಾವ ದಿನ ಯಾವ ವಾರ್ಡಿನಲ್ಲಿರಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ. ಆಸ್ಪತ್ರೆಯೆಂದ ಮೇಲೆ ನಗುವಂಥವು ನಡೆಯುತ್ತಲೇ ಇರುತ್ತವೆ. ರೋಗಿಗಳು ಹಾಸಿಗೆ ಬದಲಿಸಿಕೊಂಡು ಮಲಗುತ್ತಾರೆ. ನೋಡಲು ಬಂದವರು ಯಾರದೋ ಭಾವನಿಗೆ ಎಳನೀರು ಕುಡಿಸಿ ಹೋಗುತ್ತಾರೆ. ಆದರೆ ಡ್ಯೂಟಿ ಚಾರ್ಟ್ ಕಂಪ್ಯೂಟರಿಗೆ ಹೋದ ಮೇಲೆ ನಡೆದಂಥವು ಅದಕ್ಕೆ ಮೊದಲು ಎಂದೂ ನಡೆದಿರಲಿಲ್ಲ.

ಮರೆವು

ಹೊಸ ಸಾಫ್ಟ್‌ವೇರ್ ಮಾಡಿಕೊಟ್ಟವರು ಶಿರಾ ಗೇಟಿನ ಹತ್ತಿರ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿರುವ ಸಣ್ಣ ಕಂಪನಿಯವರು. ಎಲ್ಲರಿಗೂ ಒಂದೊಂದು ಲಾಗಿನ್ ಹೆಸರು, ಒಂದೊಂದು ಪಾಸ್‌ವರ್ಡ್. ನನ್ನ ಲಾಗಿನ್ ಹೆಸರು ‘ಮೇಟ್ರನ್’. ಪಾಸ್‌ವರ್ಡಿಗೆ ಕಾನ್ವೆಂಟಿನಲ್ಲಿ ನನಗೆ ಬಹುಮಾನ ತಂದುಕೊಟ್ಟ ಒಂದು ಉದ್ದನೆಯ ಇಂಗ್ಲಿಷ್ ಪದವನ್ನು, ಕೊನೆಗೊಂದು ಅಂಕಿ, ಒಂದು ಚಿಹ್ನೆ ಸೇರಿಸಿ, ಇಟ್ಟುಕೊಂಡಿದ್ದೆ. ಅದರ ಸ್ಪೆಲಿಂಗನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಅದೇ ಸುಮಾರಿಗೆ ನಮ್ಮ ಆಡಳಿತಾಧಿಕಾರಿಗಳು ಒಂದು ಆದೇಶ ಹೊರಡಿಸಿದರು: ಸುರಕ್ಷತೆಯ ದೃಷ್ಟಿಯಿಂದ ನರ್ಸ್‌ಗಳೆಲ್ಲರೂ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸತಕ್ಕದ್ದು. ಮೇಲಿನವರಿಗೆ ವಿನಾಯಿತಿ.

ಒಂದು ಬೆಳಿಗ್ಗೆ ನಾನು ನನ್ನ ಪಾಸ್‌ವರ್ಡ್ ಹಾಕಿದರೆ ‘ತಪ್ಪಾಗಿದೆ’ ಎಂದು ಬಂತು. ಮತ್ತೆ ಹಾಕಿದೆ. ಮತ್ತೆ ತಪ್ಪು. ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದೆ.

“ಕ್ಯಾಪ್ಸ್ ಲಾಕ್ ಆನ್ ಆಗಿರ್ಬೇಕು ಮೇಡಂ.”

“ಆಗಿಲ್ಲ.”

“ಹಂಗಾದ್ರೆ ಕೈ ತಪ್ಪಿರುತ್ತೆ.”

“ನಾನು ಟೈಪಿಂಗ್ ಸೀನಿಯರ್ ಪಾಸಾದವಳು.”

“ಹಂಗಾದ್ರೆ ಮರ್ತಿರ್ತೀರ ಬಿಡಿ. ನಮ್ಮ ತಾಯಿನೂ ಹಿಂಗೇ.”

“ನಿಮ್ಮ ತಾಯಿಯವರ ವಯಸ್ಸೆಷ್ಟು?”

“ಎಪ್ಪತ್ತೆಂಟು ಮೇಡಂ.”

ನಾನು ಫೋನ್ ಇಟ್ಟೆ. ಅವರು ತಮ್ಮ ಕಡೆಯಿಂದ ಹೊಸ ಪಾಸ್‌ವರ್ಡ್ ಮಾಡಿ ಕಳಿಸಿದರು. ಕೆಲವು ದಿನ ನಡೆಯಿತು, ಮತ್ತೆ ನಿಂತಿತು. ಹೀಗೇ ಮರುಕಳಿಸುತ್ತ ಹೋಯಿತು. ಒಂದು ಸಲ ಕುಣಿಗಲ್ಲಿನ ಚಾರ್ಟ್ ಹೊತ್ತಿಗೆ ಸರಿಯಾಗಿ ಹೊರಡದೆ, ಪಾಳಿ ಮುಗಿದ ಇಬ್ಬರು ನರ್ಸ್‌ಗಳು ಮನೆಗೆ ಹೋಗಲಾಗದೆ ಉಳಿದರು. ನನ್ನ ಸರ್ವಿಸ್ಸಿನಲ್ಲಿ ಹಾಗಾದದ್ದು ಅದೇ ಮೊದಲು.

ಅಂದು ಟೀ ವೇಳೆಯಲ್ಲಿ, ನರ್ಸ್‌ಗಳೆಲ್ಲ ಲೋಟ ಹಿಡಿದು ನಿಂತಿರುವಾಗ, ಆಡಳಿತಾಧಿಕಾರಿಗಳು ನಗುತ್ತಾ ಹೇಳಿದರು: “ನಮ್ ಮೇಡಂಗೆ ಮರೆವು ಶುರುವಾಗೈತೆ. ಒಂದ್ಸಲ ನ್ಯೂರೋ ಡಾಕ್ಟರಿಗೆ ತೋರಿಸ್ಬುಡಿ ಮೇಡಂ, ಸ್ಟಾಫ್‌ಗೆ ಡಿಸ್ಕೌಂಟ್ ಇದೆ. ಹಿಂಗೇ ಆದ್ರೆ ಚಾರ್ಟ್ ಬೇರೆಯವರ ಕೈಗೆ ಕೊಡ್ಬೇಕಾಗುತ್ತೆ.”

ಯಾರೂ ನಗಲಿಲ್ಲ. ನಗದೇ ಇದ್ದದ್ದು ಇನ್ನೂ ಕೆಟ್ಟದಾಗಿತ್ತು.

ಇಲ್ಲೇ ತುಮಕೂರಿನ ಸದಾಶಿವನಗರದ ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರ್ ಕೆಳಗಿಟ್ಟರು. “ಮದುವೆಯಾದ ವರ್ಷ ನಿಮ್ಮಮ್ಮನಿಗೆ ನಾನು ಏನೋ ಅಂದಿದ್ದನ್ನ ಇವತ್ತಿಗೂ ಅಕ್ಷರ ಬಿಡದಂಗೆ ಒಪ್ಪಿಸ್ತೀಯ. ನಿನಗೆ ಮರೆವಾ? ಬಂದಿದ್ರೆ ನಾನು ಇಷ್ಟೊತ್ತಿಗೆ ಎಷ್ಟು ಸುಖವಾಗಿರ್ತಿದ್ದೆ!”

ನಿಂಬೆಹಣ್ಣು

ನನಗೆ ಸಮಾಧಾನ ಕೊಟ್ಟವರು ನಮ್ಮ ಉಗ್ರಾಣ ನೋಡಿಕೊಳ್ಳುವ ಸ್ಟೋರ್ಸ್‌ನವರು. ಅವರ ಲಾಗಿನ್ ಹೆಸರು ‘ರುದ್ರೇಶ’. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ ಹೆಸರು.

ಒಂದು ದಿನ ಹತ್ತಿಯ ಬಂಡಲ್ ಕೇಳಲು ಹೋದರೆ ಅವರ ಕಂಪ್ಯೂಟರಿನ ನೆತ್ತಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು.

“ಇದೇನು?”

“ಯಾರೋ ಮಾಡ್ಸವ್ರೆ ಮೇಡಂ. ಪಾಸ್‌ವರ್ಡ್ ತಾನೇ ತಾನಾಗಿ ಕೆಟ್ಟೋಗ್ತೈತೆ. ಇಂಜಿನಿಯರು ಸರಿ ಮಾಡ್ತಾರೆ, ಮತ್ತೆ ಕೆಡ್ತೈತೆ.”

“ನೀವು ಬದಲಾಯಿಸಿದ್ದಿರಾ?”

“ನಾನ್ಯಾಕೆ ಮುಟ್ಲಿ? ಆದೇಶ ಇರೋದು ನರ್ಸಮ್ಮೋರಿಗೆ.”

“ಹಣ್ಣು ಕಟ್ಟಿದ ಮೇಲೆ?”

“ಚೆನ್ನಾಗಿತ್ತು ಮೇಡಂ. ನಿನ್ನೆಯಿಂದ ಮತ್ತೆ ಕೈ ಕೊಟ್ಟೈತೆ. ನೋಡಿ, ಹಣ್ಣು ಬಾಡೋಗೈತೆ.”

ನನಗೆ ಹಣ್ಣಿನಲ್ಲಿ ನಂಬಿಕೆಯಿಲ್ಲ. ಆದರೆ ಒಂದೇ ಕಾಯಿಲೆ ಇಬ್ಬರಿಗಿದ್ದು, ಅವರಲ್ಲೊಬ್ಬರಿಗೆ ಇನ್ನೂ ತಲೆಯಲ್ಲಿ ಒಂದು ನರೆಗೂದಲೂ ಇಲ್ಲವಾದರೆ, ಅದಕ್ಕೆ ವಯಸ್ಸು ಕಾರಣವಲ್ಲ. ಇದನ್ನು ಆಡಳಿತಾಧಿಕಾರಿಗಳ ಕೋಣೆಗೇ ಹೋಗಿ ಹೇಳಿದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

“ಅಯ್ಯೋ, ಅಂಟುತ್ತಾ ಮೇಡಂ ಇದು?”

ಹಳೆಯದೇ ನಡೆಯುತ್ತದೆ

ಗುಬ್ಬಿ ಶಾಖೆಗೆ ಹೋದಾಗ ನಾನೇ ವಿಚಾರಿಸಿದೆ. ಅಲ್ಲಿ ಯಾರ ಪಾಸ್‌ವರ್ಡೂ ಕೆಟ್ಟಿರಲಿಲ್ಲ. ಆದರೆ ಇನ್ನೊಂದು ವಿಚಿತ್ರವಿತ್ತು.

“ನಾವು ಆದೇಶ ಬಂದಂಗೆ ಬದಲಾಯಿಸ್ತೀವಿ ಮೇಡಂ,” ಎಂದಳು ಅಲ್ಲಿನ ಹಿರಿಯ ನರ್ಸ್. “ಬದಲಾಯಿತು, ಧನ್ಯವಾದ ಅಂತಾನೂ ಬರುತ್ತೆ. ಆಮೇಲೆ ಹೊಸದು ಹಾಕಿದ್ರೆ ಒಳಗೇ ಬಿಡಲ್ಲ. ಹಳೇದು ಹಾಕಿದ್ರೆ ಬಿಡುತ್ತೆ.”

“ಹಾಗಾದರೆ ಹೇಳಬಾರದೇ?”

“ಹೇಳಿದ್ರೆ ಇನ್ನೊಂದು ಆದೇಶ ಬರುತ್ತೆ. ಹಳೇದೇ ನಡೀತಾ ಇದೆಯಲ್ಲ, ಹೋಗ್ಲಿ ಅಂತ.”

ಬಸ್ಸಿನಲ್ಲಿ ವಾಪಸು ಬರುತ್ತಾ ನಾನು ಇದನ್ನೇ ಯೋಚಿಸಿದೆ. ಬದಲಾಯಿಸಿದವರಿಗೆ ಹಳೆಯದೇ ನಡೆಯುತ್ತದೆ. ಬದಲಾಯಿಸದ ನನಗೂ ಸ್ಟೋರ್ಸ್‌ನವರಿಗೂ ಹಳೆಯದು ನಡೆಯುವುದಿಲ್ಲ. ಇವರು ಹಾಕುತ್ತಿರುವ ಹೊಸ ಪಾಸ್‌ವರ್ಡುಗಳೆಲ್ಲ ಎಲ್ಲಿಗೆ ಹೋಗುತ್ತಿವೆ? ಕಾನ್ವೆಂಟಿನಲ್ಲಿ ನಮ್ಮ ಲೆಕ್ಕದ ಟೀಚರ್ ಉತ್ತರ ಹೇಳದೆ ಮನೆಗೆ ಕಳಿಸುತ್ತಿದ್ದ ದಿನಗಳಲ್ಲಿ ಆಗುತ್ತಿದ್ದ ಹಿತವಾದ ಹಿಂಸೆ ನನಗೆ ಮತ್ತೆ ಆಯಿತು. ಎಷ್ಟು ಮಗ್ನಳಾಗಿದ್ದೆನೆಂದರೆ, ಕಂಡಕ್ಟರ್ ಬಂದು “ಮೇಡಂ, ಲಾಸ್ಟ್ ಸ್ಟಾಪು, ಇಳೀರಿ” ಎನ್ನುವವರೆಗೂ ಕೂತೇ ಇದ್ದೆ. ಇದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಅದನ್ನೂ ಮರೆವಿನ ಲೆಕ್ಕಕ್ಕೆ ಬರೆದುಬಿಡುತ್ತಿದ್ದರು.

ಅಸ್ತಿತ್ವದಲ್ಲಿಲ್ಲ

ಉತ್ತರ ಸಿಕ್ಕಿದ್ದು ಕುಣಿಗಲ್ಲಿನಲ್ಲಿ.

ನಾನು ಅಲ್ಲಿಗೆ ಹೋದ ಹೊತ್ತಿಗೆ ಹೊಸದಾಗಿ ಮದುವೆಯಾದ ನರ್ಸ್ ಒಬ್ಬಳು ಕಂಪ್ಯೂಟರಿನ ಮುಂದೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಉಳಿದವರು ಬೆನ್ನು ಸವರುತ್ತಿದ್ದರು.

“ಏನಾಯಿತಮ್ಮಾ?”

“ನಮ್ಮ ಯಜಮಾನ್ರು ಇಲ್ವಂತೆ ಮೇಡಂ.”

“ಯಾರು ಹೇಳಿದರು?”

“ಕಂಪ್ಯೂಟರು.”

ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ನಿಜವಾಗಿಯೂ ಇತ್ತು: ‘ಈ ಹೆಸರಿನ ಯಜಮಾನರು ಅಸ್ತಿತ್ವದಲ್ಲಿಲ್ಲ.’

ಅವಳ ಗಂಡನಿಗೆ ತುಮಕೂರಿನ ಹತ್ತಿರದ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಮಿಷನ್ ಹತ್ತಿರ ಫೋನ್ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅವನು ಎತ್ತುತ್ತಿರಲಿಲ್ಲ. ಇವಳ ಅಳು ಜಾಸ್ತಿಯಾಗುತ್ತಲೇ ಇತ್ತು. ಊಟದ ಬಿಡುವಿಗೆ ಅವನೇ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದರು.

“ಏನೇ, ಇಷ್ಟೊಂದ್ಸಲ ಮಾಡಿದೀಯ?”

“ಇದೀರಾ?”

“ಆಂ?”

“ಇದೀರಾ ಅಂದೆ!”

“ಇದೀನಿ ಕಣೇ. ಮುದ್ದೆ ತಿಂತಾ ಇದೀನಿ.”

ಅವಳು ಕಣ್ಣೊರೆಸಿಕೊಂಡಳು. ನಾನು ಕುರ್ಚಿ ಎಳೆದುಕೊಂಡು ಆ ಪುಟವನ್ನು ಮೊದಲ ಸಲ ಓದಿದೆ. ನನ್ನದನ್ನು ಪ್ರತಿ ಬಾರಿ ಇಂಜಿನಿಯರೇ ಸರಿ ಮಾಡುತ್ತಿದ್ದುದರಿಂದ ನಾನು ಅದನ್ನು ಅದುವರೆಗೆ ಕಂಡಿರಲಿಲ್ಲ. ಅದರಲ್ಲಿ ಇದ್ದದ್ದು ಎರಡೇ ಖಾನೆ. ಮೇಲೆ ‘ಖಾತೆಯ ಯಜಮಾನರ ಹೆಸರು’. ಕೆಳಗೆ ‘ಹೊಸ ಪಾಸ್‌ವರ್ಡ್’.

ಖಾತೆ ಯಾರದೋ ಅವರ ಲಾಗಿನ್ ಹೆಸರು ಎಂಬ ಅರ್ಥದಲ್ಲಿ ಕಂಪನಿಯವರು ಹಾಕಿದ ಮಾತು ಅದು. ಆದರೆ ನಮ್ಮ ಕಡೆ ಮದುವೆಯಾದ ಹೆಂಗಸಿಗೆ ಯಜಮಾನರು ಎಂದರೆ ಒಬ್ಬರೇ. ಇವಳು ಗಂಡನ ಹೆಸರನ್ನು ಹಾಕಿದ್ದಳು. ಆ ಹೆಸರಿನವರು ನಮ್ಮ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕಂಪ್ಯೂಟರ್ ಅವನನ್ನು ಇಲ್ಲವೆನಿಸಿಬಿಟ್ಟಿತ್ತು. ಅದೇ ಕೆಂಪು ಸಾಲು ಬಂದಿದ್ದ ಬೇರೆಯವರು ಅದನ್ನು ಪೂರ್ತಿ ಓದದೆ ಮುಚ್ಚಿಬಿಟ್ಟಿದ್ದರಂತೆ.

ತಕ್ಷಣ ಗುಬ್ಬಿಯ ಹಿರಿಯ ನರ್ಸ್‌ಗೆ ಫೋನ್ ಮಾಡಿದೆ. “ನಿನ್ನ ಯಜಮಾನರ ಹೆಸರೇನು?”

ಆ ಕಡೆಯಿಂದ ಬರೀ ನಗು. ಆಮೇಲೆ, “ಶಿವನ ಹೆಸ್ರು ಮೇಡಂ.”

“ಶಿವನಿಗೆ ಸಾವಿರ ಹೆಸರಿದೆ.”

“ನಮ್ ಸ್ಟೋರ್ಸ್‌ನೋರ ಹೆಸ್ರೇ ಮೇಡಂ.”

“ಹೇಳಬಾರದ ಹೆಸರನ್ನು ಪ್ರತಿ ತಿಂಗಳು ಟೈಪ್ ಮಾಡಿದೆಯಾ?”

“ಬಾಯಲ್ಲಿ ಹೇಳ್ಬಾರ್ದು ಅಷ್ಟೇ. ಬೆರಳಿಗೇನು!”

ಸ್ಟೋರ್ಸ್‌ನವರಿಗೆ ಮಾಟ ಮಾಡಿಸಿದವರು ಯಾರೆಂದು ಗೊತ್ತಾಯಿತು. ಉಳಿದದ್ದು ನನ್ನದು. ಸುತ್ತ ನಿಂತವರನ್ನು ಕೇಳಿದೆ: “ಮದುವೆಯಾಗದವರು ಆ ಖಾನೆಯಲ್ಲಿ ಏನು ಹಾಕಿದಿರಿ?”

ಮೂವರು ನೆಲ ನೋಡಿದರು. ಅವರಲ್ಲಿ ಧೈರ್ಯವಂತೆಯೊಬ್ಬಳು ಹೇಳಿದಳು: “ಮೇಟ್ರನ್ ಅಂತ, ನಿಮ್ದೇ ಮೇಡಂ. ನಮಗೆ ಯಜಮಾನ್ರು ಅಂದ್ರೆ ನೀವೇ ಅಲ್ವಾ?”

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸೆರಗು ಸರಿಮಾಡಿಕೊಂಡೆ.

ಅಲ್ಲಿ ಗಂಡನನ್ನು ಬಿಟ್ಟು ತವರಿಗೆ ಬಂದಿದ್ದ ನರ್ಸ್ ಒಬ್ಬಳಿದ್ದಳು. “ನಾನು ಆ ನನ್ಮಗನ ಹೆಸ್ರು ಯಾಕೆ ಹಾಕ್ಲಿ ಮೇಡಂ? ನನಗೆ ನಾನೇ ಯಜಮಾನಿ ಅಂತ ನನ್ ಹೆಸರೇ ಹಾಕ್ದೆ,” ಎಂದಳು. ಮೂರು ಊರುಗಳಲ್ಲಿ ಪಾಸ್‌ವರ್ಡ್ ಸರಿಯಾಗಿ ಬದಲಾದದ್ದು ಅವಳೊಬ್ಬಳದೇ.

ಛತ್ರದ ಊಟ

ಮಾತು ಬರೀ ಕನ್ನಡ ಪದದ ಎಡವಟ್ಟಾಗಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆ. ಆದರೆ ಅಲ್ಲೇ ಕೂತು ನಾನೊಂದು ಪರೀಕ್ಷೆ ಮಾಡಿದ್ದೆ. ಆ ಧೈರ್ಯವಂತೆಗೆ ಅವಳ ಲಾಗಿನ್ನಿನಲ್ಲಿ ಒಳಗೆ ಹೋಗಲು ಹೇಳಿ, ಮೇಲಿನ ಖಾನೆಯಲ್ಲಿ ಪಕ್ಕದವಳ ಹೆಸರನ್ನು, ಪಕ್ಕದವಳ ಒಪ್ಪಿಗೆ ಪಡೆದೇ, ಹಾಕಿಸಿದೆ. ‘ಪಾಸ್‌ವರ್ಡ್ ಬದಲಾಗಿದೆ. ಧನ್ಯವಾದ.’ ಪಕ್ಕದವಳಿಗೆ ಬಾಗಿಲು ಮುಚ್ಚಿತು. ಯಾರ ಹೆಸರನ್ನು ಯಾರು ಹಾಕಿದರೂ ಅದು ಹೀಗೇ ಧನ್ಯವಾದ ಹೇಳುತ್ತಿತ್ತು. ನನ್ನ ಮೇಲೆ ಸಿಟ್ಟಿರುವ ಯಾರೇ ಆದರೂ ಬೇಕೆಂದೇ ನನ್ನ ಹೆಸರಿನಲ್ಲಿ ಒಳಗೆ ಹೋಗಿ ಇಡೀ ಆಸ್ಪತ್ರೆಯ ಡ್ಯೂಟಿಯನ್ನು ತಲೆಕೆಳಗು ಮಾಡಬಹುದಾಗಿತ್ತು.

ಮರುದಿನ ಶಿರಾ ಗೇಟಿನ ಮಹಡಿ ಹತ್ತಿದೆ.

“ನಮ್ದು ಫುಲ್ ಸೇಫ್ ಮೇಡಂ,” ಎಂದರು ಇಂಜಿನಿಯರ್. “ಪಾಸ್‌ವರ್ಡಲ್ಲಿ ಎಂಟು ಅಕ್ಷರ ಇದೆಯಾ, ಅಂಕಿ ಇದೆಯಾ, ಚಿಹ್ನೆ ಇದೆಯಾ, ಎಲ್ಲಾ ಚೆಕ್ ಮಾಡುತ್ತೆ.”

“ಬದಲಾಯಿಸುತ್ತಿರುವವರು ಯಾರು ಎಂದು ಚೆಕ್ ಮಾಡುತ್ತದೆಯೇ?”

ಅವರು ಪರದೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆಯನ್ನು ನೋಡಿದರು.

“ಕೆಳಗೆ ಹಾರ್ಡ್‌ವೇರ್ ಅಂಗಡಿಯಿದೆ,” ಎಂದೆ. “ನಾನು ಅಲ್ಲಿ ಹೋಗಿ, ನಿಮ್ಮ ಮನೆಯ ವಿಳಾಸ ಕೊಟ್ಟು, ಬಾಗಿಲಿಗೆ ಹೊಸ ಬೀಗ ಹಾಕಿ ಕೀ ನನ್ನ ಕೈಗೆ ಕೊಡಿ ಎಂದರೆ, ‘ಆ ಮನೆ ನಿಮ್ಮದೇನಮ್ಮಾ’ ಎಂದು ಅವರು ಕೇಳುತ್ತಾರೆ. ನಿಮ್ಮ ಸಾಫ್ಟ್‌ವೇರ್ ಕೇಳುವುದಿಲ್ಲ. ಬೀಗ ಗಟ್ಟಿಯಾಗಿದೆಯೇ ಎಂದಷ್ಟೇ ನೋಡುತ್ತದೆ.”

“ಅದು… ಲಾಗಿನ್ ಆಗಿ ಒಳಗೆ ಬಂದ್ಮೇಲೆ ಎಲ್ಲಾ ನಮ್ಮೋರೇ ಅಂತ ಬಿಟ್ಬಿಟ್ವಿ ಮೇಡಂ.”

“ಅದು ಛತ್ರದ ಊಟದ ಪದ್ಧತಿ. ಒಳಗೆ ಬಂದವರನ್ನು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳದೆ ಎಲೆ ಹಾಕುತ್ತಾರೆ, ಸರಿ. ಆದರೆ ತಾಳಿ ಕಟ್ಟಲು ಕೂತವನು ಯಾರೆಂದು ಅಲ್ಲಿಯೂ ನೋಡಿಕೊಳ್ಳುತ್ತಾರೆ.”

ನ್ಯೂರೋ ಡಾಕ್ಟರಿಗಿಂತ ಮೊದಲು

ಸರಿಪಡಿಸಲು ಇಂಜಿನಿಯರ್ ಕೆಲವು ದಿನ ಕೇಳಿದರು. ಅಷ್ಟರಲ್ಲಿ ನಮ್ಮ ತಿಂಗಳ ಸಭೆ ಬಂತು. ನಾನು ಮೊದಲೇ ಆಡಳಿತಾಧಿಕಾರಿಗಳಿಗೆ ಎಲ್ಲವನ್ನೂ ವಿವರಿಸಲು ಹೋಗಿದ್ದೆ, ಅವರು ಪೂರ್ತಿ ಕೇಳಲಿಲ್ಲ. “ಮೇಡಂ, ಕಂಪ್ಯೂಟರ್ ಮರೆಯಲ್ಲ, ಮನುಷ್ಯರು ಮರೀತಾರೆ,” ಎಂದಿದ್ದರು. ಸಭೆಯ ವಿಷಯಗಳಲ್ಲಿ ಎರಡನೆಯದು ‘ಡ್ಯೂಟಿ ಚಾರ್ಟ್ ಜವಾಬ್ದಾರಿ ವರ್ಗಾವಣೆ’.

ಮೂರೂ ಕಡೆಯ ಮುಖ್ಯಸ್ಥರೆಲ್ಲ ಬಂದಿದ್ದರು. ಎದುರಿಗೆ ಆಸ್ಪತ್ರೆಯ ಒಡೆಯರೂ ಮ್ಯಾನೇಜಿಂಗ್ ಡೈರೆಕ್ಟರೂ, ಅಂದರೆ ಎಂಡಿಯೂ, ಆದ ದೊಡ್ಡ ಡಾಕ್ಟರ್ ಮೊಬೈಲಿನಲ್ಲಿ ಅದೇ ಸಾಫ್ಟ್‌ವೇರಿನೊಳಗೆ ವಾರ್ಡುಗಳ ಲೆಕ್ಕ ನೋಡುತ್ತಾ ಕೂತಿದ್ದರು. ಎರಡನೆಯ ವಿಷಯ ಬಂದಾಗ ಆಡಳಿತಾಧಿಕಾರಿಗಳು ಎದ್ದು, “ಮೇಡಂ ಮೇಲೆ ನಮಗೆ ಗೌರವ ಇದೆ. ಆದ್ರೆ ಒಂದು ಪಾಸ್‌ವರ್ಡ್ ನೆನಪಿಟ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ…” ಎಂದು ಕೈ ಚೆಲ್ಲಿದರು.

ನಾನು ಎದ್ದು ನಿಂತೆ. “ಸರ್, ನೀವು ಈವರೆಗೆ ನಿಮ್ಮ ಪಾಸ್‌ವರ್ಡ್ ಬದಲಾಯಿಸಿದ್ದೀರಾ?”

“ನನಗೆ ವಿನಾಯಿತಿ ಇದೆಯಲ್ಲ.”

“ಇಂದು ಎಲ್ಲರ ಮುಂದೆ ಒಮ್ಮೆ ಬದಲಾಯಿಸಿ ತೋರಿಸಿ. ನೋಡಿ ಕಲಿಯುತ್ತೇನೆ.”

ಅವರಿಗೆ ಖುಷಿಯಾಯಿತು. “ಅದ್ಕೇನಂತೆ!” ಎಂದು ಕೋಟಿನ ಗುಂಡಿ ಬಿಚ್ಚಿ ಕಂಪ್ಯೂಟರಿನ ಮುಂದೆ ಕೂತರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆ ಪುಟ ಬಂತು. ‘ಖಾತೆಯ ಯಜಮಾನರ ಹೆಸರು’ ಎಂದು ಗಟ್ಟಿಯಾಗಿ ಓದಿದರು. ದೊಡ್ಡ ಡಾಕ್ಟರ ಕಡೆ ತಿರುಗಿ ವಿನಯದಿಂದ ನಕ್ಕು, ಅವರ ಹೆಸರನ್ನು ಟೈಪ್ ಮಾಡಿದರು. ಕೆಳಗೆ ಹೊಸ ಪಾಸ್‌ವರ್ಡ್ ಹಾಕಿದರು. ಅದು ಚುಕ್ಕಿಚುಕ್ಕಿಯಾಗಿ ಕಾಣಿಸಿತು. ‘ಪಾಸ್‌ವರ್ಡ್ ಬದಲಾಗಿದೆ. ಧನ್ಯವಾದ.’

“ನೋಡಿದ್ರಾ ಮೇಡಂ? ಇಷ್ಟೇ.”

ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಡಾಕ್ಟರ್ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಏನ್ರೀ ಇದು, ನನ್ನನ್ನ ಹೊರಗೆ ಹಾಕ್ತು. ಪಾಸ್‌ವರ್ಡ್ ತಪ್ಪು ಅಂತಿದೆ. ಈಗ ತಾನೇ ಒಳಗಿದ್ನಲ್ಲ!”

“ಸರ್ವರ್ ಪ್ರಾಬ್ಲಂ ಇರ್ಬೇಕು ಸರ್,” ಎಂದರು ಆಡಳಿತಾಧಿಕಾರಿಗಳು.

ನನಗಾದರೆ ಮರೆವು. ಡಾಕ್ಟರಿಗಾದರೆ ಸರ್ವರ್. ನಾನು ಪರದೆಯ ಕಡೆ ಬೆರಳು ತೋರಿಸಿದೆ. ಧನ್ಯವಾದದ ಮೇಲೆ ದೊಡ್ಡ ಡಾಕ್ಟರ ಹೆಸರು ಹಾಗೇ ಇತ್ತು. ಡಾಕ್ಟರ್ ಕನ್ನಡಕ ಏರಿಸಿ ಓದಿದರು.

“ಅಂದ್ರೆ ನೀವು ಈಗ ಬದಲಾಯಿಸಿದ್ದು ನನ್ನದಾ?”

“ಸರ್, ಯಜಮಾನ್ರು ಅಂತಿತ್ತು… ಆಸ್ಪತ್ರೆ ಯಜಮಾನ್ರು ಅಂದ್ರೆ ತಾವು ತಾನೇ ಅಂತ…”

“ಸರಿ, ಸರಿ. ನಾನು ಈಗ ಒಳಗೆ ಹೋಗ್ಬೇಕು. ಏನು ಹಾಕಿದ್ರಿ, ಹೇಳಿ.”

“ಆಮೇಲೆ ಹೇಳ್ತೀನಿ ಸರ್.”

“ಈಗ್ಲೇ ಹೇಳ್ರೀ, ವಾರ್ಡ್ ಲೆಕ್ಕ ಅರ್ಧಕ್ಕೆ ನಿಂತಿದೆ.”

ಆಡಳಿತಾಧಿಕಾರಿಗಳು ಕೋಟಿನ ಗುಂಡಿ ಹಾಕಿಕೊಂಡರು, ಬಿಚ್ಚಿದರು. ಕೊನೆಗೆ ಮೇಜನ್ನು ನೋಡುತ್ತಾ ಹೇಳಿದರು:

“‘ಇನ್ಮೇಲೆ ನಾನೇ ಎಂಡಿ’, ಅಟ್ ಚಿಹ್ನೆ, ಒಂದು… ಸರ್.”

ಸಭೆಯಲ್ಲಿ ನಗದೆ ಇದ್ದವಳು ನಾನೊಬ್ಬಳೇ. ಕಾನ್ವೆಂಟಿನಲ್ಲಿ ನಮಗೆ ಹಾಗೆ ಕಲಿಸಿಲ್ಲ. ದೊಡ್ಡ ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎರಡನೆಯ ವಿಷಯವನ್ನು ಕೈಬಿಡಲಾಗಿದೆ ಎಂದರು.

ಈಗ ಆ ಪುಟದಲ್ಲಿ ಹೆಸರಿನ ಖಾನೆಯೇ ಇಲ್ಲ. ಒಳಗೆ ಬಂದವರು ತಮ್ಮದನ್ನು ಮಾತ್ರ, ಅದೂ ಹಳೆಯ ಪಾಸ್‌ವರ್ಡ್ ಕೊಟ್ಟ ಮೇಲೆ, ಬದಲಾಯಿಸಬಹುದು. ಚಾರ್ಟ್ ನನ್ನ ಕೈಯಲ್ಲೇ ಇದೆ. ಕಂಪನಿಯ ಇಂಜಿನಿಯರ್ ಖುದ್ದಾಗಿ ಬಂದು ತಪ್ಪಾಯಿತೆಂದು ಹೇಳಿ ಹೋದರು. ಆಡಳಿತಾಧಿಕಾರಿಗಳು ಮಾತ್ರ ಕಾರಿಡಾರಿನಲ್ಲಿ ಎದುರಾದಾಗ, “ಆಗಿದ್ದು ಆಗೋಯ್ತು, ಮರ್ತುಬುಡಿ ಮೇಡಂ,” ಎಂದರು.

ನಾನು ಮರೆತಿಲ್ಲ. ಅವರು ಆ ಮಾತನ್ನು ಟೀ ವೇಳೆಯಲ್ಲಿ, ನನ್ನ ನರ್ಸ್‌ಗಳ ಮುಂದೆ ಆಡಿದರು. ಅದೇ ವೇಳೆಯಲ್ಲಿ, ಅದೇ ನರ್ಸ್‌ಗಳ ಮುಂದೆ ನನ್ನ ಕ್ಷಮೆ ಕೇಳಬೇಕು.